ಗುಂಡಿ ಒತ್ತಿದರೆ ಆ ಕಡೆ ಯಾರಿದ್ದಾರೆ? ಆಸ್ಟ್ರೇಲಿಯಾದ ಒಳನಾಡಿಗೆ ವ್ಯಾನ್ ಹತ್ತುವ ಮುನ್ನ

ಆಸ್ಟ್ರೇಲಿಯಾದ ದೊಡ್ಡ ಮೊಬೈಲ್ ಕಂಪನಿಗಳು ದೇಶದ ಶೇ 99ರಷ್ಟು ಜನರಿಗೆ ಸಿಗ್ನಲ್ ಮುಟ್ಟಿಸಿದ್ದೇವೆ ಎಂದು ಹೇಳಿಕೊಳ್ಳುತ್ತವೆ. ಮಾತು ಸುಳ್ಳಲ್ಲ, ಆದರೆ ಅದು ತಲೆಯ ಲೆಕ್ಕ. ಸುಮಾರು 77 ಲಕ್ಷ ಚದರ ಕಿಲೋಮೀಟರ್ ಹರಡಿರುವ ದೇಶದಲ್ಲಿ ಜನರೆಲ್ಲ ಕಡಲಂಚಿನ ಊರುಗಳಲ್ಲೇ ಸೇರಿಕೊಂಡಿದ್ದಾರೆ. ನೆಲದ ಲೆಕ್ಕ ಹಿಡಿದರೆ ಮೂರನೇ ಎರಡರಷ್ಟು ಜಾಗಕ್ಕೆ ಟವರೇ ಇಲ್ಲ. ಮೆಲ್ಬರ್ನ್, ಸಿಡ್ನಿ, ಅಡಿಲೇಡಿನಲ್ಲಿರುವ ನಮ್ಮವರು ರಜೆ ಸಿಕ್ಕಿತೆಂದು ಕ್ಯಾಂಪರ್‌ವ್ಯಾನ್ ಹತ್ತಿ ಒಳನಾಡಿಗೆ ಹೊರಡುವುದು ಈಗ ಸಾಮಾನ್ಯ. ಕೊನೆಯ ಪೆಟ್ರೋಲ್ ಬಂಕ್ ದಾಟಿ ಸ್ವಲ್ಪ ಹೊತ್ತಿಗೆ ಫೋನಿನ ಸಿಗ್ನಲ್ ಗೀಟುಗಳು ಒಂದೊಂದಾಗಿ ಇಳಿದು ಮಾಯವಾಗುತ್ತವೆ. ಮುಂದಿನ ಊರು ಮುನ್ನೂರು ಕಿಲೋಮೀಟರ್ ಆಚೆ ಇರಬಹುದು.

ಟವರ್ ಇದ್ದ ಕಡೆ ತುರ್ತು ಸಂಖ್ಯೆ 000. ಮೊಬೈಲಿನಿಂದ 112 ಒತ್ತಿದರೂ ಅಲ್ಲಿಗೇ ಹೋಗುತ್ತದೆ. ನಿಮ್ಮ ಕಂಪನಿಯ ಸಿಗ್ನಲ್ ಇಲ್ಲದೆ ಬೇರೆ ಕಂಪನಿಯದು ಇದ್ದರೆ ತುರ್ತು ಕರೆ ಅದರ ಮೇಲೆಯೇ ಹೋಗುತ್ತದೆ. ಯಾವುದೂ ಇಲ್ಲದಿದ್ದರೆ ಎರಡು ಸಂಖ್ಯೆಗಳಿಂದಲೂ ಪ್ರಯೋಜನವಿಲ್ಲ. 2024ರಲ್ಲಿ ಇಲ್ಲಿ 3ಜಿ ಜಾಲವನ್ನು ಪೂರ್ತಿ ಮುಚ್ಚಿದ ಮೇಲೆ, ಭಾರತದಿಂದ ತಂದ ಕೆಲವು ಹಳೆಯ ಫೋನುಗಳಿಗೆ 4ಜಿ ಇದ್ದರೂ 000 ಕರೆ ಸಾಗದ ತೊಂದರೆ ಬಂತು. ಬೀರುವಿನಲ್ಲಿದ್ದ ಹಳೆಯ ಫೋನನ್ನು 'ವ್ಯಾನಿಗೆ ಇರಲಿ' ಎಂದು ಎತ್ತಿಟ್ಟುಕೊಳ್ಳುವವರು ಇದನ್ನು ಗಮನಿಸಬೇಕು.

ಟವರ್ ಇಲ್ಲದ ಕಡೆಗೆಂದು ಅಂಗಡಿಯಲ್ಲಿ ಹತ್ತಾರು ಸಾಧನಗಳಿವೆ. ಬೀಕನ್, ಸ್ಯಾಟಲೈಟ್ ಮೆಸೆಂಜರ್, ಸ್ಯಾಟಲೈಟ್ ಫೋನ್, ಯುಎಚ್‌ಎಫ್ ರೇಡಿಯೊ, ಉಪಗ್ರಹದ ಮೂಲಕ ಇಂಟರ್ನೆಟ್ ಕೊಡುವ ಸ್ಟಾರ್‌ಲಿಂಕ್, ಜಿಪಿಎಸ್. ಯಾವುದು ಒಳ್ಳೆಯದು ಎಂದು ಕೇಳಿದರೆ ಮಾರುವವರು ತಮ್ಮಲ್ಲಿರುವುದನ್ನೇ ತೋರಿಸುತ್ತಾರೆ. ನಾನು ಪ್ರತಿಯೊಂದನ್ನೂ ಬೇರೆ ಪ್ರಶ್ನೆಯಿಂದ ಅಳೆಯುತ್ತೇನೆ: ಇದರ ಗುಂಡಿ ಒತ್ತಿದರೆ ಆ ಕಡೆ ಕೇಳಿಸಿಕೊಳ್ಳುವವರು ಯಾರು? ವ್ಯಾನ್ ಮಗುಚಿ ಬಿದ್ದು ಅದರ ಬ್ಯಾಟರಿ ಸತ್ತರೂ ಅವರಿಗೆ ಕೇಳಿಸುತ್ತದೆಯೇ?

ಈ ಪ್ರಶ್ನೆಗೆ ಅತ್ಯಂತ ಗಟ್ಟಿ ಉತ್ತರ ಕೊಡುವುದು ಪರ್ಸನಲ್ ಲೊಕೇಟರ್ ಬೀಕನ್, ಎಲ್ಲರ ಬಾಯಲ್ಲಿ ಪಿಎಲ್‌ಬಿ. ಅಂಗೈಯಲ್ಲಿ ಹಿಡಿಸುವ ಗಾತ್ರ, ಹಳದಿ ಅಥವಾ ಕಿತ್ತಳೆ ಬಣ್ಣ, ಮಡಚಿಟ್ಟ ಒಂದು ಲೋಹದ ಪಟ್ಟಿಯ ಆಂಟೆನಾ. ಚಾರ್ಜ್ ಮಾಡುವಂತಿಲ್ಲ, ತಿಂಗಳ ಬಾಡಿಗೆಯಿಲ್ಲ, ಪರದೆಯಿಲ್ಲ. ಒತ್ತಿದರೆ 406 ಮೆಗಾಹರ್ಟ್ಸ್ ತರಂಗದಲ್ಲಿ ಸುಮಾರು 50 ಸೆಕೆಂಡಿಗೊಮ್ಮೆ, ಅರ್ಧ ಸೆಕೆಂಡಿನಷ್ಟು ಹೊತ್ತು, 5 ವಾಟ್ ಶಕ್ತಿಯ ಚಿಕ್ಕ ಸಂದೇಶ ಮೇಲಕ್ಕೆ ಹೋಗುತ್ತದೆ. ಅದನ್ನು ಹಿಡಿಯುವುದು ಕೊಸ್ಪಾಸ್-ಸಾರ್ಸಾಟ್ ಎಂಬ ಅಂತರರಾಷ್ಟ್ರೀಯ ವ್ಯವಸ್ಥೆ. ಶೀತಲ ಸಮರದ ಕಾಲದಲ್ಲಿ, 1979ರಲ್ಲಿ, ಅಮೆರಿಕ, ಸೋವಿಯತ್ ಒಕ್ಕೂಟ, ಕೆನಡಾ, ಫ್ರಾನ್ಸ್ ಒಟ್ಟಾಗಿ ಕೈಹಾಕಿದ ಕೆಲಸವಿದು. 1982ರ ಸೆಪ್ಟೆಂಬರಿನಲ್ಲಿ ಕೆನಡಾದ ಕಾಡಿನಲ್ಲಿ ಬಿದ್ದ ಸಣ್ಣ ವಿಮಾನದ ಸಂಕೇತವನ್ನು ಸೋವಿಯತ್ ಉಪಗ್ರಹವೊಂದು ಹಿಡಿಯಿತು. ಅದರಿಂದ ಮೂವರು ಬದುಕಿದರು. ಎರಡು ಬಣಗಳೂ ಪರಸ್ಪರ ಅಣ್ವಸ್ತ್ರ ಗುರಿಯಿಟ್ಟು ಕೂತಿದ್ದ ವರ್ಷಗಳಲ್ಲಿ ಹೀಗೊಂದು ಒಪ್ಪಂದ ನಡೆದು ಇವತ್ತಿಗೂ ಉಳಿದಿದೆ ಎನ್ನುವುದು ನನಗೆ ದೊಡ್ಡ ಸಂಗತಿ.

ಆಗಿನ ಉಪಗ್ರಹಗಳು ಜಾಗ ಪತ್ತೆಹಚ್ಚುತ್ತಿದ್ದ ಬಗೆ ಚೆಂದ. ಪ್ಲಾಟ್‌ಫಾರ್ಮಿನಲ್ಲಿ ನಿಂತವರಿಗೆ ರೈಲು ಹತ್ತಿರ ಬರುವಾಗ ಶಿಳ್ಳೆ ಕೀರಲಾಗಿ ಕೇಳುತ್ತದೆ, ದಾಟಿಹೋದ ಕೂಡಲೇ ದನಿ ತಗ್ಗುತ್ತದೆಯಲ್ಲ, ಹಾಗೆಯೇ ಉಪಗ್ರಹ ತಲೆಯ ಮೇಲಿಂದ ಹಾದುಹೋಗುವಾಗ ಬೀಕನ್ನಿನ ತರಂಗ ಕೊಂಚ ಏರಿ ಇಳಿಯುತ್ತದೆ. ಆ ಏರಿಳಿತದಿಂದಲೇ ಜಾಗವನ್ನು ಲೆಕ್ಕ ಹಾಕುತ್ತಿದ್ದರು. ಆ ಲೆಕ್ಕ ಸುಮಾರು 5 ಕಿಲೋಮೀಟರ್ ಸುತ್ತಿನೊಳಗೆ ತಂದು ನಿಲ್ಲಿಸುತ್ತಿತ್ತು, ಕೆಲವೊಮ್ಮೆ ಗಂಟೆಗಟ್ಟಲೆ ಹಿಡಿಯುತ್ತಿತ್ತು. ಈಗಿನ ಪಿಎಲ್‌ಬಿಯೊಳಗೆ ಜಿಪಿಎಸ್ ಇದೆ. ತಾನೇ ಜಾಗ ಕಂಡುಕೊಂಡು ಸಂದೇಶದೊಳಗೆ ಸೇರಿಸುತ್ತದೆ, ತಪ್ಪು 120 ಮೀಟರಿನೊಳಗೆ ಇರುತ್ತದೆ. ಜೊತೆಗೆ ಜಿಪಿಎಸ್ ಮತ್ತು ಯುರೋಪಿನ ಅಂಥದ್ದೇ ವ್ಯವಸ್ಥೆಯಾದ ಗೆಲಿಲಿಯೊ ಉಪಗ್ರಹಗಳ ಮೇಲೂ ಈ ಸಂಕೇತ ಹಿಡಿಯುವ ಉಪಕರಣ ಕೂರಿಸಿರುವುದರಿಂದ ಕೆಲವೇ ನಿಮಿಷಗಳಲ್ಲಿ ಸುದ್ದಿ ನೆಲ ಮುಟ್ಟುತ್ತದೆ.

ಈಗ ಆ ಕಡೆ ಇರುವವರು. ಕ್ಯಾನ್‌ಬೆರಾದಲ್ಲಿ ಆಸ್ಟ್ರೇಲಿಯಾದ ಸಾಗರ ಸುರಕ್ಷತಾ ಪ್ರಾಧಿಕಾರ, ಅಂದರೆ ಆಮ್ಸಾ, ನಡೆಸುವ ರಕ್ಷಣಾ ಸಮನ್ವಯ ಕೇಂದ್ರ ಇದೆ. ಅಲ್ಲಿ ಹಗಲೂ ರಾತ್ರಿ ಜನ ಕೂತಿರುತ್ತಾರೆ. ಹೆಸರು ಸಾಗರದ್ದಾದರೂ ಮರುಭೂಮಿಯಿಂದ ಬಂದ ಬೀಕನ್ನೂ ಅವರ ಮೇಜಿಗೇ ಹೋಗುತ್ತದೆ. ಅವರ ಪರದೆಯ ಮೇಲೆ ಕಾಣುವುದು ಹದಿನೈದು ಅಕ್ಷರ-ಅಂಕಿಗಳ ಒಂದು ಗುರುತು ಮತ್ತು ಒಂದು ಜಾಗ. ಕಾಲು ಮುರಿದಿದೆಯೋ, ಹಾವು ಕಚ್ಚಿದೆಯೋ, ಬೆಂಕಿ ಬಿದ್ದಿದೆಯೋ ತಿಳಿಯುವುದಿಲ್ಲ. ಆದ್ದರಿಂದ ಅವರು ಮೊದಲು ಮಾಡುವ ಕೆಲಸ ಆ ಗುರುತಿನಡಿ ನೋಂದಾಯಿಸಿದ ಸಂಪರ್ಕದವರಿಗೆ ಫೋನ್ ಮಾಡುವುದು. 'ಇವರು ನಿಜಕ್ಕೂ ಪ್ರಯಾಣದಲ್ಲಿದ್ದಾರಾ? ಎಷ್ಟು ಜನ? ಯಾವ ಗಾಡಿ? ಯಾರಿಗಾದರೂ ಕಾಯಿಲೆ ಇದೆಯಾ?' ಉತ್ತರ ಬೇಗ ಸಿಕ್ಕಷ್ಟೂ ಏನನ್ನು ಕಳಿಸಬೇಕು, ಹೆಲಿಕಾಪ್ಟರೋ ಪೊಲೀಸ್ ಜೀಪೋ, ಎಂಬ ನಿರ್ಧಾರ ಬೇಗ ಆಗುತ್ತದೆ.

ನಮ್ಮವರು ಎಡವುವುದು ಇಲ್ಲೇ. ತುರ್ತು ಸಂಪರ್ಕ ಎಂದಿರುವ ಕಡೆ ಅಭ್ಯಾಸದ ಮೇಲೆ ಮೈಸೂರಿನಲ್ಲೋ ಹುಬ್ಬಳ್ಳಿಯಲ್ಲೋ ಇರುವ ಅಪ್ಪನ ನಂಬರ್ ಬರೆದುಬಿಡುತ್ತಾರೆ. ಅದೇ ಅಪ್ಪ ಅಮ್ಮನಿಗೆ 'ಸುಮ್ಮನೆ ಗಾಬರಿಯಾಗುತ್ತಾರೆ' ಎಂದು ಪ್ರಯಾಣದ ಸುದ್ದಿ ಹೇಳಿರುವುದಿಲ್ಲ. ನಡುರಾತ್ರಿ ಕ್ಯಾನ್‌ಬೆರಾದಿಂದ ಆಸ್ಟ್ರೇಲಿಯನ್ ಇಂಗ್ಲಿಷಿನಲ್ಲಿ ಕರೆ ಬಂದರೆ ಅವರಿಗೆ ತಿಳಿಯುವುದು ಮಗನಿಗೋ ಮಗಳಿಗೋ ಏನೋ ಆಗಿದೆ ಎಂಬುದಷ್ಟೇ. ಮಗ ಮನೆಯಲ್ಲೇ ಇದ್ದಾನೆ ಎಂದುಕೊಂಡವರು ಏನು ಉತ್ತರ ಕೊಟ್ಟಾರು? ಸಂಪರ್ಕಕ್ಕೆ ಇಲ್ಲೇ ಇರುವ ಗೆಳೆಯರನ್ನೋ ನೆರೆಯವರನ್ನೋ ಕೊಡಿ, ಅವರ ಕೈಗೆ ದಾರಿಯ ವಿವರ, ಗಾಡಿಯ ನಂಬರ್, ಮರಳುವ ದಿನ ಬರೆದುಕೊಡಿ. ನೋಂದಣಿಗೆ ದುಡ್ಡಿಲ್ಲ. ಪ್ರತಿ ಪ್ರವಾಸದ ವಿವರವನ್ನೂ ಅದರಲ್ಲೇ ಸೇರಿಸಬಹುದು. ಇನ್ನೊಂದು ಮಾತು: ಅಮೆರಿಕದಲ್ಲಿರುವ ಭಾವನ ಕೈಯಲ್ಲಿ ಅಗ್ಗಕ್ಕೆ ತರಿಸಿಕೊಂಡ ಬೀಕನ್ ಆ ದೇಶದ ಸಂಕೇತದಲ್ಲಿರುತ್ತದೆ, ಅದರ ದಾಖಲೆಯೂ ಅಲ್ಲೇ ಇರುತ್ತದೆ. ಇಲ್ಲಿಯದನ್ನೇ ಕೊಳ್ಳುವುದು ವಾಸಿ.

ಬಳಸುವ ರೀತಿ ಸರಳ, ಆದರೂ ಒಂದು ಸಲ ಕೈಯಲ್ಲಿ ಹಿಡಿದು ನೋಡಿರಬೇಕು. ಮೊದಲು ಆಂಟೆನಾ ಪೂರ್ತಿ ಬಿಚ್ಚಬೇಕು. ಆಮೇಲೆ ಮುಚ್ಚಳದ ಕೆಳಗಿನ ಗುಂಡಿಯನ್ನು ದೀಪ ಮಿನುಗುವವರೆಗೆ ಒತ್ತಿ ಹಿಡಿಯಬೇಕು. ವ್ಯಾನಿನ ತಗಡಿನ ಚಾವಣಿಯ ಕೆಳಗೆ ಕೂತು ಒತ್ತಿದರೆ ಆಕಾಶ ಕಾಣುವುದಿಲ್ಲ. ಬಯಲಲ್ಲಿ ನೆಟ್ಟಗೆ ನಿಲ್ಲಿಸಿ, ಜಿಪಿಎಸ್ ಇರುವ ಭಾಗದ ಮೇಲೆ ಬೆರಳಿಡದೆ, ಅಲ್ಲೇ ಬಿಡಬೇಕು. ಕನಿಷ್ಠ 24 ಗಂಟೆ ಸಂಕೇತ ಕಳಿಸುತ್ತಿರುತ್ತದೆ. ಅದರ ಜೊತೆಗೇ 121.5 ಮೆಗಾಹರ್ಟ್ಸ್‌ನಲ್ಲಿ ಸಣ್ಣ ಸಂಕೇತವೂ ಹೊರಡುತ್ತದೆ, ಹತ್ತಿರ ಬಂದ ವಿಮಾನ ಅದರ ಜಾಡು ಹಿಡಿದು ನೀವಿರುವ ಜಾಗ ಹುಡುಕುತ್ತದೆ. ಬ್ಯಾಟರಿಯ ಕೊನೆಯ ತಾರೀಕು ಮೈಮೇಲೆಯೇ ಅಚ್ಚಾಗಿರುತ್ತದೆ. ಅವಧಿ ಮುಗಿದದ್ದನ್ನು ಕಸದ ಬುಟ್ಟಿಗೆ ಹಾಕಬಾರದು. ಕಸದ ರಾಶಿಯಲ್ಲಿ ಏನೋ ತಗುಲಿ ಅದು ಚಾಲೂ ಆದರೆ ರಕ್ಷಣಾ ತಂಡ ಅದನ್ನೇ ಹುಡುಕಿಕೊಂಡು ಹೊರಡಬೇಕಾಗುತ್ತದೆ. ಸಿಡ್ನಿಯ ಬಳಿಯ ಬ್ಲೂ ಮೌಂಟನ್ಸ್‌ನಂಥ ಕಡೆ ರಾಷ್ಟ್ರೀಯ ಉದ್ಯಾನದವರು ಚಾರಣಿಗರಿಗೆ ಪಿಎಲ್‌ಬಿಯನ್ನು ಉಚಿತವಾಗಿ ಎರವಲು ಕೊಡುತ್ತಾರೆ. ಮುಟ್ಟಿ ನೋಡಲು ಅದೊಂದು ಒಳ್ಳೆಯ ದಾರಿ.

ಬೀಕನ್ ಪ್ರಾಣಾಪಾಯಕ್ಕೆ ಮಾತ್ರ. ಹಿಂದಿನ ಆಕ್ಸಲ್ ಮುರಿದು, ನೀರು ಆಹಾರ ಸಾಕಷ್ಟಿದ್ದು, ಬೇಕಿರುವುದು ಟೋ ಮಾಡುವ ಗಾಡಿ ಮಾತ್ರ ಎಂದಾದರೆ ಮಾತು ಬರುವ ಸಾಧನ ಬೇಕು. ಗಾರ್ಮಿನ್ ಇನ್‌ರೀಚ್, ಜೋಲಿಯೊದಂಥ ಸ್ಯಾಟಲೈಟ್ ಮೆಸೆಂಜರುಗಳು ಇರಿಡಿಯಂ ಉಪಗ್ರಹಗಳ ಮೂಲಕ ಚಿಕ್ಕ ಸಂದೇಶ ಕಳಿಸುತ್ತವೆ, ತರಿಸುತ್ತವೆ. ಇರಿಡಿಯಂನ 66 ಉಪಗ್ರಹಗಳು ಸುಮಾರು 780 ಕಿಲೋಮೀಟರ್ ಎತ್ತರದಲ್ಲಿ ಧ್ರುವದಿಂದ ಧ್ರುವಕ್ಕೆ ಸುತ್ತುತ್ತಿರುತ್ತವೆ. ಒಂದು ಮರೆಯಾಗುವಷ್ಟರಲ್ಲಿ ಇನ್ನೊಂದು ಬರುತ್ತದೆ. ಆಳವಾದ ಕಮರಿಯಲ್ಲಿದ್ದರೆ ಕಾಯಬೇಕು. ಇದರಲ್ಲೂ ಎಸ್‌ಒಎಸ್ ಗುಂಡಿ ಇದೆ. ಇನ್‌ರೀಚ್‌ನದು ಒತ್ತಿದರೆ ಎದ್ದು ಕೂರುವವರು ಅಮೆರಿಕದ ಟೆಕ್ಸಾಸಿನಲ್ಲಿರುವ ಕಂಪನಿಯ ಕೇಂದ್ರದವರು. ಅವರು ನಿಮ್ಮೊಂದಿಗೆ ಸಂದೇಶದಲ್ಲಿ ಮಾತಾಡಿ ಇಲ್ಲಿನ ಅಧಿಕಾರಿಗಳಿಗೆ ದಾಟಿಸುತ್ತಾರೆ. ಚಂದಾ ಕಟ್ಟಿರಬೇಕು, ಬ್ಯಾಟರಿ ಚಾರ್ಜ್ ಇರಬೇಕು. ಸಂದೇಶ ಬರೆಯುವುದಕ್ಕೂ ಒಂದು ಕ್ರಮವಿದೆ. 'ಹೆಲ್ಪ್ ಪ್ಲೀಸ್' ಎಂದರೆ ಯಾರಿಗೂ ಏನೂ ತಿಳಿಯದು. 'ಇಬ್ಬರು ದೊಡ್ಡವರು, ಒಂದು ಮಗು. ಗಾಯವಿಲ್ಲ. ಬಿಳಿ ಹೈಏಸ್ ವ್ಯಾನ್, ಆಕ್ಸಲ್ ಮುರಿದಿದೆ. ನೀರು 40 ಲೀಟರ್. ವ್ಯಾನ್ ಬಳಿಯೇ ಇದ್ದೇವೆ' ಎಂದು ಇಂಗ್ಲಿಷಿನಲ್ಲಿ ಕಳಿಸಿದರೆ ಓದಿದವರು ಮರುಪ್ರಶ್ನೆ ಕೇಳದೆ ಕೆಲಸ ಶುರು ಮಾಡಬಹುದು.

ಸ್ಯಾಟಲೈಟ್ ಫೋನಿಗೆ ಖರ್ಚು ಹೆಚ್ಚು. ಆದರೆ ರೋಗಿ ಮುಂದಿರುವಾಗ ವೈದ್ಯರ ದನಿ ಕೇಳುವುದಕ್ಕೆ ಸಾಟಿಯಿಲ್ಲ. ವಿಮಾನದಲ್ಲಿ ವೈದ್ಯರನ್ನು ಕಳಿಸುವ ರಾಯಲ್ ಫ್ಲೈಯಿಂಗ್ ಡಾಕ್ಟರ್ ಸರ್ವಿಸ್ 1942ರಿಂದ ಒಳನಾಡಿನ ದನದ ಫಾರ್ಮುಗಳಲ್ಲಿ ಔಷಧಿ ಪೆಟ್ಟಿಗೆ ಇಡುತ್ತ ಬಂದಿದೆ. ಅದರೊಳಗಿನ ಪ್ರತಿ ಔಷಧಕ್ಕೂ ಒಂದು ನಂಬರ್. ನೂರಾರು ಕಿಲೋಮೀಟರ್ ದೂರದಿಂದ ವೈದ್ಯರು 'ಇಂಥ ನಂಬರಿನ ಮಾತ್ರೆ ಎರಡು ಕೊಡಿ' ಎಂದರೆ ಸಾಕು, ಔಷಧದ ಹೆಸರು ಓದಲು ಬಾರದವರೂ ಕೊಡಬಲ್ಲರು. ಹಾವು ಕಚ್ಚಿದ ಕಾಲಿಗೆ ಬ್ಯಾಂಡೇಜ್ ಎಲ್ಲಿಂದ ಎಲ್ಲಿಗೆ ಸುತ್ತಬೇಕು ಎಂದು ಬೀಕನ್ ಹೇಳಿಕೊಡಲಾರದು.

ಯಾವ ಉಪಗ್ರಹವೂ ಶಾಶ್ವತವಲ್ಲ ಎಂಬುದೂ ಇಲ್ಲಿ ಗೊತ್ತಾಗಿದೆ. ತುರಾಯ ಕಂಪನಿಯ ಫೋನುಗಳು ಒಳನಾಡಿನಲ್ಲಿ ಬಹಳ ಬಳಕೆಯಲ್ಲಿದ್ದವು. 2024ರ ಏಪ್ರಿಲ್‌ನಲ್ಲಿ ಈ ಭಾಗವನ್ನು ನೋಡಿಕೊಳ್ಳುತ್ತಿದ್ದ ಒಂದೇ ಉಪಗ್ರಹ ಕೆಟ್ಟಿತು, ಸೇವೆ ಮರಳಿ ಬರಲಿಲ್ಲ. ಇಂದಿಗೂ ಸೆಕೆಂಡ್ ಹ್ಯಾಂಡ್ ಮಾರಾಟದಲ್ಲಿ ಆ ಫೋನುಗಳು ಅಗ್ಗಕ್ಕೆ ಕಂಡರೆ ಕೊಳ್ಳಬೇಡಿ.

ಜೇಬಿನ ಫೋನೇ ಉಪಗ್ರಹ ಮುಟ್ಟುವ ಕಾಲವೂ ಬಂದಿದೆ. ಐಫೋನ್ 14 ಮತ್ತು ನಂತರದವುಗಳಲ್ಲಿ ಉಪಗ್ರಹದ ಮೂಲಕ ಎಸ್‌ಒಎಸ್ ಸಂದೇಶ ಕಳಿಸುವ ಸೌಲಭ್ಯ 2023ರ ಮೇ ತಿಂಗಳಿನಿಂದ ಆಸ್ಟ್ರೇಲಿಯಾದಲ್ಲಿದೆ. 2025ರಲ್ಲಿ ಇಲ್ಲಿನ ಮೊಬೈಲ್ ಕಂಪನಿ ಟೆಲ್‌ಸ್ಟ್ರಾ ಕೆಲವು ಫೋನುಗಳಿಗೆ ಸ್ಟಾರ್‌ಲಿಂಕ್ ಉಪಗ್ರಹದ ಮೂಲಕ ಎಸ್ಸೆಮ್ಮೆಸ್ ಶುರು ಮಾಡಿತು. ಇವು ಒಳ್ಳೆಯವೇ. ಆದರೆ ನಲವತ್ತು ಡಿಗ್ರಿ ಬಿಸಿಲಿನಲ್ಲಿ ಡ್ಯಾಶ್‌ಬೋರ್ಡಿನ ಮೇಲೆ ಕಾದ ಫೋನ್ ತಾನಾಗೇ ಬಂದ್ ಆಗುತ್ತದೆ, ಬಿದ್ದರೆ ಒಡೆಯುತ್ತದೆ, ದಿನವಿಡೀ ಹಾಡು ಫೋಟೊ ನಕ್ಷೆ ಎಂದು ಬ್ಯಾಟರಿ ತಿಂದಿರುತ್ತದೆ. ಸ್ಟಾರ್‌ಲಿಂಕ್ ಮಿನಿ ತಟ್ಟೆಗೆ 25ರಿಂದ 40 ವಾಟ್ ಬೇಕು. ವ್ಯಾನ್ ಚೆನ್ನಾಗಿದ್ದು ಸೌರಫಲಕ ನಡೆಯುತ್ತಿದ್ದರೆ ವೈಫೈ ಕರೆ, ಹವಾಮಾನ, ಮನೆಯವರ ಮುಖ ಎಲ್ಲ ಸಿಗುತ್ತದೆ. ವ್ಯಾನ್ ಹೊಳೆಯಲ್ಲಿ ಮುಳುಗಿದರೆ ತಟ್ಟೆಯೂ ಮುಳುಗುತ್ತದೆ. ಅದನ್ನು ಸೌಕರ್ಯದ ಲೆಕ್ಕಕ್ಕೆ ಇಟ್ಟುಕೊಳ್ಳಿ.

ರೇಡಿಯೊ ಈ ನೆಲದ ಹಳೆಯ ನೆಂಟ. 1929ರಲ್ಲಿ ಆಲ್ಫ್ರೆಡ್ ಟ್ರೇಗರ್ ಎಂಬ ಎಂಜಿನಿಯರ್ ಸೈಕಲ್ ಪೆಡಲ್ ತುಳಿದು ವಿದ್ಯುತ್ ಮಾಡುವ ರೇಡಿಯೊವನ್ನು ಕ್ವೀನ್ಸ್‌ಲ್ಯಾಂಡಿನ ಒಂಟಿ ಫಾರ್ಮುಗಳಿಗೆ ಕೊಟ್ಟ. ಕೈಯಲ್ಲಿ ಮೋರ್ಸ್ ಸಂಕೇತ ಬಡಿಯುತ್ತ, ಕಾಲಲ್ಲಿ ತುಳಿಯುತ್ತ ಹೆಂಗಸರು ವೈದ್ಯರನ್ನು ಕರೆದರು. ಈಗ ವ್ಯಾನುಗಳಲ್ಲಿ ಇರುವುದು ಯುಎಚ್‌ಎಫ್ ಸಿಬಿ, ಅಂದರೆ ಹತ್ತಿರದ ಗಾಡಿಗಳ ಜೊತೆ ಮಾತಾಡಲು ಯಾರು ಬೇಕಾದರೂ ಬಳಸುವ ರೇಡಿಯೊ: 477 ಮೆಗಾಹರ್ಟ್ಸ್, 80 ಚಾನೆಲ್, 5 ವಾಟ್. ಲೈಸೆನ್ಸ್ ತೆಗೆಸಬೇಕಿಲ್ಲ. ಹೆದ್ದಾರಿಯಲ್ಲಿ ಲಾರಿಯವರು 40ರಲ್ಲಿ ಮಾತಾಡುತ್ತಾರೆ, ಕ್ಯಾರವಾನಿನವರು 18ರಲ್ಲಿ. ಸಿಂಪ್ಸನ್ ಮರುಭೂಮಿ ದಾಟುವವರು 10ರಲ್ಲಿ 'ಪೂರ್ವಕ್ಕೆ ಹೊರಟ ಎರಡು ಗಾಡಿ' ಎಂದು ಕೂಗುತ್ತ ಹೋಗುತ್ತಾರೆ. ಅಲ್ಲಿ ಸಾವಿರಕ್ಕೂ ಹೆಚ್ಚು ಮರಳ ದಿಬ್ಬಗಳು, ದಿಬ್ಬದ ನೆತ್ತಿಯಲ್ಲಿ ಎದುರಿನ ಗಾಡಿ ಕಾಣುವುದಿಲ್ಲ. ಅದಕ್ಕೇ ನೆಲದಿಂದ ಮೂರೂವರೆ ಮೀಟರ್ ಎತ್ತರಕ್ಕೆ ಬಾವುಟ ಕಟ್ಟುವುದು ಕಡ್ಡಾಯ. 5ನೇ ಚಾನೆಲ್ ತುರ್ತಿಗೆ ಮೀಸಲು, ಆದರೆ ಆ ಕಡೆ ಯಾರಾದರೂ ಇದ್ದೇ ಇರುತ್ತಾರೆಂಬ ಭರವಸೆ ಇಲ್ಲ. ಹತ್ತಿಪ್ಪತ್ತು ಕಿಲೋಮೀಟರಿನೊಳಗೆ ಇನ್ನೊಂದು ಗಾಡಿ ಇದ್ದರೆ ಅದೃಷ್ಟ. ದೂರದ ಮಾತಿಗೆ ಎಚ್‌ಎಫ್ ರೇಡಿಯೊ ಇದೆ. ಅದರ ತರಂಗ ಮೇಲಿನ ಅಯಾನುಗೋಳಕ್ಕೆ ತಾಗಿ ಸಾವಿರಾರು ಕಿಲೋಮೀಟರ್ ಆಚೆ ಇಳಿಯುತ್ತದೆ. ವಿಕೆಎಸ್-737 ಎಂಬ ಜಾಲ 1993ರಿಂದ ಪ್ರಯಾಣಿಕರಿಗಾಗಿ ಅದನ್ನು ನಡೆಸುತ್ತಿದೆ. ಕಲಿಯುವ ಆಸಕ್ತಿ ಇದ್ದವರಿಗೆ ಬಹಳ ಒಳ್ಳೆಯದು, ವಾರದ ರಜೆಗೆ ಹೊರಟವರಿಗೆ ಬೇಡ.

ಇನ್ನು ದಾರಿ. ಜಿಪಿಎಸ್ ಬಗ್ಗೆ ಒಂದು ತಪ್ಪು ತಿಳಿವಳಿಕೆ ಬಲವಾಗಿ ಬೇರೂರಿದೆ: 'ಫೋನಿನಲ್ಲಿ ಜಿಪಿಎಸ್ ಇದೆ, ಎಲ್ಲಿದ್ದರೂ ಪತ್ತೆಹಚ್ಚುತ್ತಾರೆ.' ಇಲ್ಲ. ಜಿಪಿಎಸ್ ಕೇಳಿಸಿಕೊಳ್ಳುವ ಸಾಧನ ಮಾತ್ರ. 20,000 ಕಿಲೋಮೀಟರ್ ಮೇಲಿರುವ ಉಪಗ್ರಹಗಳು ಕಳಿಸುವ ಸಮಯವನ್ನು ಕೇಳಿ ನಿಮ್ಮ ಜಾಗವನ್ನು ನಿಮಗೆ ಹೇಳುತ್ತದೆ, ಬೇರೆ ಯಾರಿಗೂ ಹೇಳುವುದಿಲ್ಲ. ಅದಕ್ಕೆ ಸಿಮ್ ಬೇಡ, ಟವರ್ ಬೇಡ. ಬೇಕಿರುವುದು ನಕ್ಷೆ, ಮತ್ತು ಅದನ್ನು ಮೊದಲೇ ಇಳಿಸಿಕೊಂಡಿರಬೇಕು. ಇಲ್ಲದಿದ್ದರೆ ಖಾಲಿ ಬೂದು ಪರದೆಯ ಮೇಲೆ ಒಂದು ನೀಲಿ ಚುಕ್ಕೆ ಮಾತ್ರ ಕಾಣುತ್ತದೆ.

ನಕ್ಷೆಯೂ ತಪ್ಪಬಹುದು. 2012ರ ಡಿಸೆಂಬರಿನಲ್ಲಿ ವಿಕ್ಟೋರಿಯಾ ಪೊಲೀಸರು ಆಪಲ್ ಮ್ಯಾಪ್ಸ್ ನಂಬಬೇಡಿ ಎಂದು ಎಚ್ಚರಿಸಬೇಕಾಯಿತು. ಮಿಲ್ಡುರಾ ಊರನ್ನು ಅದು ಸುಮಾರು 70 ಕಿಲೋಮೀಟರ್ ಆಚೆ, ನೀರಿಲ್ಲದ ರಾಷ್ಟ್ರೀಯ ಉದ್ಯಾನದ ನಡುವೆ ತೋರಿಸುತ್ತಿತ್ತು. ಬೇಸಗೆಯಲ್ಲಿ ಅಲ್ಲಿ 46 ಡಿಗ್ರಿ ಮುಟ್ಟುತ್ತದೆ. 2024ರ ಫೆಬ್ರುವರಿಯಲ್ಲಿ ಕ್ವೀನ್ಸ್‌ಲ್ಯಾಂಡಿನ ಉತ್ತರ ತುದಿಯ ಕೇಪ್ ಯಾರ್ಕ್ ಕಡೆ ಹೊರಟ ಇಬ್ಬರು ಜರ್ಮನ್ ಪ್ರವಾಸಿಗರು ಗೂಗಲ್ ಮ್ಯಾಪ್ಸ್ ತೋರಿಸಿದ, ಮುಚ್ಚಿದ್ದ ಹಳೆಯ ದಾರಿ ಹಿಡಿದು ಕೆಸರಿನಲ್ಲಿ ಸಿಕ್ಕಿಕೊಂಡರು. ಬದುಕಿ ಬಂದರು, ಆದರೆ ವಾರಕ್ಕೂ ಹೆಚ್ಚು ದಿನ ಕಾಡಿನಲ್ಲಿ ನಡೆದು. ನಗರದ ನಕ್ಷೆಗೆ 'ದಾರಿ ಇದೆ' ಎಂಬುದಷ್ಟೇ ಗೊತ್ತು. ಈ ತಿಂಗಳು ಅದು ತೆರೆದಿದೆಯೇ, ಹೊಳೆ ಎಷ್ಟು ಏರಿದೆ ಎಂಬುದು ಸ್ಥಳೀಯ ರಸ್ತೆ ಪ್ರಕಟಣೆಯಲ್ಲಿ, ಪೊಲೀಸ್ ಠಾಣೆಯಲ್ಲಿ, ದಾರಿಯ ರೋಡ್‌ಹೌಸ್‌ನಲ್ಲಿ (ಪೆಟ್ರೋಲು, ಊಟ ಸಿಗುವ ತಂಗುದಾಣದಲ್ಲಿ) ಸಿಗುವ ಮಾಹಿತಿ. ಹೀಮಾದಂಥ ಒಳನಾಡಿಗೆಂದೇ ಮಾಡಿದ ನಕ್ಷೆಗಳನ್ನು ಟ್ಯಾಬ್ಲೆಟ್ಟಿಗೆ ಇಳಿಸಿಕೊಳ್ಳುವುದರ ಜೊತೆಗೆ ಕಾಗದದ್ದನ್ನೂ ಇಟ್ಟುಕೊಳ್ಳಿ. ದಿಕ್ಸೂಚಿ ನೋಡುವಾಗ ವ್ಯಾನಿನಿಂದ ಹತ್ತಿಪ್ಪತ್ತು ಹೆಜ್ಜೆ ದೂರ ಹೋಗಿ, ಗಾಡಿಯ ಕಬ್ಬಿಣ ಮುಳ್ಳನ್ನು ಎಳೆಯುತ್ತದೆ.

ಅಕ್ಷಾಂಶ ಹೇಳುವಾಗ ಆಗುವ ಒಂದು ಎಡವಟ್ಟನ್ನು ಬಿಡಿಸಿ ಹೇಳಬೇಕು. ನಿಮ್ಮ ಫೋನ್ 26.30 ಡಿಗ್ರಿ ದಕ್ಷಿಣ ಎಂದು ತೋರಿಸುತ್ತದೆ ಎನ್ನಿ. ಇದು ದಶಮಾಂಶ. ನೀವು 'ಇಪ್ಪತ್ತಾರು ಮೂವತ್ತು' ಎಂದಿರಿ, ಆ ಕಡೆಯವರು 26 ಡಿಗ್ರಿ 30 ಮಿನಿಟು ಎಂದು ಬರೆದುಕೊಂಡರು. ಡಿಗ್ರಿಗೆ 60 ಮಿನಿಟು, ಹಾಗಾಗಿ 0.30 ಡಿಗ್ರಿ ಎಂದರೆ 18 ಮಿನಿಟು. ವ್ಯತ್ಯಾಸ 12 ಮಿನಿಟು, ಒಂದು ಮಿನಿಟಿಗೆ 1.85 ಕಿಲೋಮೀಟರ್, ಒಟ್ಟು 22 ಕಿಲೋಮೀಟರ್. ಹುಡುಕುವ ವಿಮಾನ ಅಷ್ಟು ದೂರದಲ್ಲಿ ಸುತ್ತುತ್ತಿರುತ್ತದೆ. 'ಇಪ್ಪತ್ತಾರು ಪಾಯಿಂಟ್ ಮೂರು ಸೊನ್ನೆ ಡಿಗ್ರಿ, ದಕ್ಷಿಣ' ಎಂದು ಬಿಡಿಸಿ ಹೇಳಿ, ಅವರಿಂದ ಮರಳಿ ಹೇಳಿಸಿ. ಹಳೆಯ ಕಾಗದದ ನಕ್ಷೆಯಿಂದ ಓದುವುದಾದರೆ ಮೂಲೆಯಲ್ಲಿ ಎಜಿಡಿ66 (ಭೂಮಾಪಕರ ಹಳೆಯ ಅಳತೆಯ ಚೌಕಟ್ಟಿನ ಹೆಸರು) ಎಂದಿದೆಯೇ ನೋಡಿ. ಆ ಲೆಕ್ಕಕ್ಕೂ ಜಿಪಿಎಸ್ ಲೆಕ್ಕಕ್ಕೂ ಸುಮಾರು 200 ಮೀಟರ್ ಅಂತರ.  

ಇಷ್ಟೆಲ್ಲ ಇದ್ದರೂ ವ್ಯಾನ್ ಬಿಟ್ಟು ನಡೆಯಬೇಡಿ. ಮೇಲಿನಿಂದ ನೋಡುವವರಿಗೆ ಬಿಳಿ ಚಾವಣಿಯ ಗಾಡಿ ದೂರದಿಂದ ಕಾಣುತ್ತದೆ, ಪೊದೆಗಳ ನಡುವೆ ಮನುಷ್ಯ ಕಾಣುವುದಿಲ್ಲ. ನೆರಳು, ನೀರು ಎರಡೂ ಗಾಡಿಯಲ್ಲೇ ಇವೆ.

ದುಡ್ಡು ಒಂದಕ್ಕೇ ಸಾಲುತ್ತದೆ ಎಂದಾದರೆ ಪಿಎಲ್‌ಬಿ ಕೊಳ್ಳಿ. ಎರಡನೆಯದಕ್ಕೆ ಸ್ಯಾಟಲೈಟ್ ಮೆಸೆಂಜರ್, ಮೂರನೆಯದಕ್ಕೆ ಯುಎಚ್‌ಎಫ್. ಪಿಎಲ್‌ಬಿಯನ್ನು ವ್ಯಾನಿನ ಕಪಾಟಿನಲ್ಲಿ ಇಡಬೇಡಿ, ಸೊಂಟಕ್ಕೆ ಕಟ್ಟಿಕೊಳ್ಳಿ. ಅಲೆಅಲೆಯಾಗಿ ಎದ್ದ ಕೆಂಪು ಮಣ್ಣಿನ ರಸ್ತೆ ವ್ಯಾನಿನ ನಟ್ಟು, ವೈರು, ಆಂಟೆನಾ ಸ್ಟ್ಯಾಂಡುಗಳನ್ನೆಲ್ಲ ಸಡಿಲ ಮಾಡಿ ಬೀಳಿಸುತ್ತದೆ. ಮಗುಚಿದ ಗಾಡಿಯಿಂದ ತೆವಳಿ ಹೊರಬಂದವರಿಗೆ ಒಳಗಿನ ಕಪಾಟು ಕೈಗೆಟುಕುವುದಿಲ್ಲ.

ಊರಿಗೆ ಬರುವವರಿಗೂ ಒಂದು ಮಾತು ಹೇಳಲೇಬೇಕು. ಇಲ್ಲಿ ಜೀವ ಉಳಿಸುವ ಇನ್‌ರೀಚ್ ಅಥವಾ ಇರಿಡಿಯಂ ಫೋನನ್ನು ಬ್ಯಾಗಿನಲ್ಲಿ ಹಾಕಿಕೊಂಡು ಬೆಂಗಳೂರಿನಲ್ಲಿ ಇಳಿಯಬೇಡಿ. ಭಾರತದಲ್ಲಿ ದೂರಸಂಪರ್ಕ ಇಲಾಖೆಯ ಅನುಮತಿಯಿಲ್ಲದೆ ಉಪಗ್ರಹ ಸಂಪರ್ಕ ಸಾಧನ ಇಟ್ಟುಕೊಳ್ಳುವಂತಿಲ್ಲ. 2008ರ ಮುಂಬೈ ದಾಳಿಯ ನಂತರ ಇದು ಇನ್ನೂ ಬಿಗಿಯಾಗಿದೆ. ಗೋವಾ ಮತ್ತು ದೆಹಲಿ ವಿಮಾನ ನಿಲ್ದಾಣಗಳಲ್ಲಿ ವಿದೇಶಿ ಚಾರಣಿಗರನ್ನು ಇದಕ್ಕಾಗಿ ತಡೆದು ಕೇಸು ಹಾಕಿದ್ದಿದೆ. ಪಿಎಲ್‌ಬಿಯೂ ರೇಡಿಯೊ ಹೊರಡಿಸುವ ಸಾಧನವೇ, ಕೇಳದೆ ತರಬೇಡಿ. ಆದರೆ ಕೊಸ್ಪಾಸ್-ಸಾರ್ಸಾಟ್‌ನಲ್ಲಿ ಭಾರತವೂ ಇದೆ. ಅದರ ಭಾರತೀಯ ನಿಯಂತ್ರಣ ಕೇಂದ್ರ ಬೆಂಗಳೂರಿನ ಪೀಣ್ಯದಲ್ಲಿ, ಇಸ್ರೋದ ಇಸ್ಟ್ರಾಕ್ ಆವರಣದಲ್ಲೇ ಕೆಲಸ ಮಾಡುತ್ತದೆ. ನಮ್ಮ ದೇಶದ ಹಡಗು, ವಿಮಾನಗಳ ಬೀಕನ್ ಸಂಕೇತ ಅಲ್ಲಿಗೆ ಬರುತ್ತದೆ, ನೇಪಾಳ, ಶ್ರೀಲಂಕಾ, ಮಾಲ್ಡೀವ್ಸ್‌ನಂಥ ನೆರೆಯ ದೇಶಗಳದೂ.

ಕರ್ನಾಟಕದಿಂದ ವ್ಯಾನ್ ಓಡಿಸಿಕೊಂಡು ಲಡಾಖ್, ಸ್ಪಿತಿ ಕಡೆ ಹೋಗುವವರಿಗೆ ಹಾಗಾಗಿ ಈ ಸಾಧನಗಳ ಬೆಂಬಲವಿಲ್ಲ. ಉಳಿಯುವುದು ಮನುಷ್ಯರ ಜಾಲ. ಲಡಾಖಿನಲ್ಲಿ ಹೊರರಾಜ್ಯದ ಪ್ರೀಪೇಯ್ಡ್ ಸಿಮ್ ನಡೆಯದು, ಪೋಸ್ಟ್‌ಪೇಯ್ಡ್ ಮಾಡಿಸಿ, ಒಂದಕ್ಕಿಂತ ಹೆಚ್ಚು ಕಂಪನಿಯದು ಇರಲಿ. ನಕ್ಷೆಯನ್ನು ಮನೆಯಲ್ಲೇ ಇಳಿಸಿಕೊಳ್ಳಿ. ಪ್ರತಿ ಚೆಕ್‌ಪೋಸ್ಟಿನ ಪುಸ್ತಕದಲ್ಲಿ ಗಾಡಿ ನಂಬರ್, ಮುಂದಿನ ಊರು ಬರೆಸದೆ ಹೋಗಬೇಡಿ. ಹೋಂಸ್ಟೇ ಬಿಡುವಾಗ ಮನೆಯಾಕೆಗೆ ಸಂಜೆ ಎಲ್ಲಿ ಉಳಿಯುತ್ತೀರಿ ಎಂದು ಹೇಳಿ ಹೊರಡಿ. ಊರಿನಲ್ಲಿರುವ ಒಬ್ಬರಿಗೆ ಪ್ರತಿ ದಿನದ ದಾರಿ ತಿಳಿದಿರಲಿ. ಇಂಥ ಹೊತ್ತು ಮೀರಿ ಫೋನ್ ಬರದಿದ್ದರೆ ಯಾವ ಜಿಲ್ಲೆಯ ಪೊಲೀಸರಿಗೆ ತಿಳಿಸಬೇಕು ಎಂಬುದನ್ನು, ಅವರ ನಂಬರ್ ಸಮೇತ, ಮೊದಲೇ ಬರೆದುಕೊಟ್ಟಿರಿ.